ಮೆಣಸಿನ ರಾಣಿಯ ಹೊಳೆದಾರಿ

ಹೈಸ್ಕೂಲಿನಲ್ಲಿದ್ದಾಗ ರಾಣಿ ಚೆನ್ನಭೈರಾದೇವಿಯೆಂದರೆ ನನಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಒಂದು ಹೆಸರು ಮಾತ್ರ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ರಜೆಯಲ್ಲಿ ಊರಿಗೆ ಬಂದಾಗೊಮ್ಮೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯ ದಂಡೆ ಹಿಡಿದು ಹೋದೆ. ಆಮೇಲೆ ಆ ಹೆಸರಿಗೆ ಜೀವ ಬಂತು.

ಸಾಳ್ವ ಮನೆತನದ ಈ ಜೈನ ರಾಣಿ 1552ರಲ್ಲಿ ಗೇರುಸೊಪ್ಪೆಯ ಪಟ್ಟಕ್ಕೆ ಬಂದಳು. 1606ರವರೆಗೆ, ಅಂದರೆ 54 ವರ್ಷ ಆಳಿದಳು. ಘಟ್ಟದ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಬಂದು ಕಡಲು ಸೇರುತ್ತಿತ್ತು. ಭಟ್ಕಳವೂ ಅವಳ ಬಂದರೇ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯನ್ನು ಕಟ್ಟಿಸಿದ್ದೂ ಅವಳೇ ಎಂಬ ಮಾತಿದೆ.

ಮೆಣಸು ಬೇಕಾದವರಿಗೆ ಹೊಳೆಯ ಬಾಯಿಯೂ ಬೇಕಿತ್ತು. 1569ರಲ್ಲಿ ಪೋರ್ಚುಗೀಸ್ ವೈಸರಾಯ್ ಲೂಯಿಸ್ ದೆ ಅತಾಯ್ದೆ ಹೊನ್ನಾವರದ ಕೋಟೆಯನ್ನು ಹಿಡಿದ. ಕಡಲಿನ ಬಾಗಿಲು ಪರರ ಕೈಸೇರಿದರೂ ರಾಣಿ ರಾಜ್ಯ ಬಿಡಲಿಲ್ಲ. ಮುಂದೆ ಮೂವತ್ತೈದಕ್ಕೂ ಹೆಚ್ಚು ವರ್ಷ ಗೇರುಸೊಪ್ಪೆಯನ್ನು ಉಳಿಸಿಕೊಂಡಳು. ಕೊನೆಗೆ ಸೋಲು ಬಂದದ್ದು ಕಡಲಿನಿಂದಲ್ಲ, ಘಟ್ಟದ ಮೇಲಿನಿಂದ. ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಹಿಡಿದ. ಸೆರೆಯಲ್ಲಿಯೇ ಅವಳು ತೀರಿಕೊಂಡಳು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಹೊಳೆಯ ಚೆಲುವಿಗೆ ಅವನು ಮನಸೋತ. ಆದರೆ ಅರಮನೆ ಪಾಳುಬಿದ್ದು ಗಿಡಗಂಟಿ ಬೆಳೆದಿತ್ತು. ರಾಣಿ ಸೋತು ಆಗಿನ್ನೂ 17 ವರ್ಷ!

ಇಂದು ಸಾಗಾಟವೆಲ್ಲ ಹೆದ್ದಾರಿಯಲ್ಲಿ. ಗೇರುಸೊಪ್ಪೆಯಲ್ಲಿ ಹೊಳೆಗೆ ಅಣೆಕಟ್ಟು ಬಿದ್ದಿದೆ. ನಾನು ಹೋದಾಗ ಫೋನಿನ ನಕಾಶೆಯಲ್ಲಿ ಹಳೇ ಧಕ್ಕೆಗಳನ್ನು ಹುಡುಕಿ ಸೋತೆ. ನೀರಿಗಿಳಿಯುವ ಕಲ್ಲಿನ ಮೆಟ್ಟಿಲು ಕಂಡಲ್ಲೆಲ್ಲ ನಿಂತು ನೋಡಿದೆ. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿ ಮಾತ್ರ ಗಟ್ಟಿಯಾಗಿ ನಿಂತಿದೆ. ಅದರ ಜಗುಲಿಯಲ್ಲಿ ಕೂತಾಗ, ಐವತ್ತನಾಲ್ಕು ವರ್ಷ ಕಾಯ್ದ ಊರು ಹದಿನೇಳೇ ವರ್ಷದಲ್ಲಿ ಕಾಡಾಯಿತಲ್ಲ ಎಂದು ಸಂಕಟವಾಯಿತು.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನನ್ನ ವಿನಂತಿ ಒಂದೇ. ನಮ್ಮ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ದೂರದೂರಿಗೆ ಹೋಗುವ ಮೊದಲು, ಒಂದು ದಿನ ಈ ಹೊಳೆಯ ದಂಡೆಯಲ್ಲಿ ನಡೆಯಲಿ. ನನ್ನಂತೆ ತಡಮಾಡುವುದು ಬೇಡ.