ಕಲ್ಕತ್ತೆಯ ಪ್ರಥಮ ಮೇಯರ್ ದೇಶಬಂಧು ಚಿತ್ತರಂಜನ ದಾಸರು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ದೊಡ್ಡ ಪಟ್ಟಣವನ್ನು ಸೇರಿದವನಿಗೆ ಎರಡು ಚಿಂತೆಗಳು ತಪ್ಪಿದ್ದಲ್ಲ. ತಲೆಯ ಮೇಲೊಂದು ಸೂರು ಹೇಗೆ ಎಂಬುದು ಮೊದಲನೆಯದು. ಮಕ್ಕಳಿಗೆ ನಾಲ್ಕಕ್ಷರ ಹೇಗೆ ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗೆ ಉತ್ತರವು ಹೆಚ್ಚಿನ ಮಟ್ಟಿಗೆ ನಗರದ ಪೌರಸಭೆಯ ಕೈಯಲ್ಲಿದೆಯೆಂಬ ಸಂಗತಿಯನ್ನು ನಾವು ಬಹುಶಃ ಮರೆತುಬಿಡುತ್ತೇವೆ. ಅದನ್ನು ಮರೆಯದೆ, ಒಂದು ಮಹಾನಗರದ ಆಡಳಿತವನ್ನು ಬಡವರ ಕಡೆಗೆ ತಿರುಗಿಸಲೆತ್ನಿಸಿದ ಮಹನೀಯರೊಬ್ಬರ ಜೀವನವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ಅವರೇ ದೇಶಬಂಧು ಚಿತ್ತರಂಜನ ದಾಸರು.

ದಾಸರು ೧೮೭೦ನೆಯ ಇಸವಿ ನವೆಂಬರ್ ೫ರಂದು ಕಲ್ಕತ್ತೆಯಲ್ಲಿ ಜನಿಸಿದರು. ಅವರ ಮನೆತನವು ಢಾಕಾ ಪ್ರಾಂತದ ವಿಕ್ರಮಪುರಕ್ಕೆ ಸೇರಿದುದು. ತಂದೆ ಭುವನಮೋಹನ ದಾಸರು ಹೈಕೋರ್ಟಿನಲ್ಲಿ ಸಾಲಿಸಿಟರ್ ಆಗಿದ್ದರು. ಚಿತ್ತರಂಜನರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಪದವೀಧರರಾಗಿ, ಸಿವಿಲ್ ಸರ್ವಿಸ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ತೆರಳಿದರು. ಆ ಪರೀಕ್ಷೆ ಅವರಿಗೆ ಒಲಿಯಲಿಲ್ಲ. ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಮರಳಿದರು. ೧೮೯೭ರಲ್ಲಿ ವಾಸಂತೀದೇವಿಯವರೊಡನೆ ಅವರ ವಿವಾಹವಾಯಿತು.

ವಕೀಲಿಯ ಆರಂಭದ ವರ್ಷಗಳು ಕಷ್ಟದವು. ಮನೆಯ ಮೇಲೆ ಸಾಲದ ಹೊರೆ ಬಿದ್ದಿತ್ತು. ೧೯೦೬ರಲ್ಲಿ ತಂದೆಯೂ ಮಗನೂ ದಿವಾಳಿಯೆಂದು ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಬೇಕಾಯಿತು. ದಿವಾಳಿಯಾದವನಿಂದ ಸಾಲಗಾರರು ಮತ್ತೆ ಏನನ್ನೂ ಕೇಳುವಂತಿಲ್ಲವೆಂಬುದು ಕಾನೂನು. ಆದರೆ ದಾಸರು ಕಾನೂನಿನ ಆಶ್ರಯದಲ್ಲಿ ಸುಮ್ಮನೆ ಕೂರಲಿಲ್ಲ. ಕೈಯಲ್ಲಿ ಹಣ ಸೇರಿದೊಡನೆ ೧೯೧೩ರಲ್ಲಿ ಹಳೆಯ ಸಾಲವನ್ನೆಲ್ಲ ತೀರಿಸಿ, ದಿವಾಳಿಯ ತೀರ್ಪನ್ನು ರದ್ದುಮಾಡಿಸಿಕೊಂಡರು. ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಲೆಕ್ಕವನ್ನು ತೀರಿಸಲು ಹೆಣಗುವ ನಮ್ಮಂಥವರಿಗೆ ಈ ಒಂದು ನಡತೆಯೇ ಅವರ ಗುಣವನ್ನು ಸಾರಿ ಹೇಳುತ್ತದೆ.

ಅವರ ಕೀರ್ತಿ ದೇಶದಲ್ಲೆಲ್ಲ ಹಬ್ಬಿದುದು ಅಲೀಪುರದ ಬಾಂಬು ಮೊಕದ್ದಮೆಯಿಂದ. ೧೯೦೮ರಲ್ಲಿ ಬಂಧಿತರಾದ ಅರವಿಂದ ಘೋಷರ ಪರವಾಗಿ ದಾಸರು ವಾದಿಸಿದರು. ೧೯೦೯ರಲ್ಲಿ ಅರವಿಂದರು ಬಿಡುಗಡೆ ಹೊಂದಿದರು. ಅಲ್ಲಿಂದ ದಾಸರ ವೃತ್ತಿ ಏರುತ್ತಲೇ ಹೋಯಿತು. ಅವರು ಕವಿಗಳೂ ಆಗಿದ್ದರು. 'ನಾರಾಯಣ'ವೆಂಬ ಬಂಗಾಳಿ ಪತ್ರಿಕೆಯನ್ನೂ ನಡೆಸಿದರು. ೧೯೨೦ರ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಅಸಹಕಾರವನ್ನು ಸ್ಥಿರಪಡಿಸಿದ ಮೇಲೆ, ಸಂಪತ್ತಿನ ಆಗರವಾಗಿದ್ದ ವಕೀಲಿಯನ್ನು ಅವರು ಒಮ್ಮೆಗೇ ತ್ಯಜಿಸಿದರು. ಜನರು ಅವರನ್ನು ದೇಶಬಂಧುವೆಂದು ಕರೆದರು. ೧೯೨೧ರ ಡಿಸೆಂಬರಿನಲ್ಲಿ ಅವರು ಸೆರೆಮನೆ ಸೇರಿದರು. ಅವರ ಪತ್ನಿಯೂ ಮಗನೂ ಅದೇ ತಿಂಗಳು ಬಂಧನಕ್ಕೊಳಗಾದರು.

ಬಿಡುಗಡೆಯಾದ ಬಳಿಕ ದಾಸರು ೧೯೨೨ರ ಗಯಾ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. ಶಾಸನಸಭೆಗಳನ್ನು ಹೊರಗಿನಿಂದ ಬಹಿಷ್ಕರಿಸುವುದಕ್ಕಿಂತ ಒಳಹೊಕ್ಕು ಹೋರಾಡುವುದು ಮೇಲೆಂಬುದು ಅವರ ಮತವಾಗಿತ್ತು. ಅಧಿವೇಶನ ಅದನ್ನೊಪ್ಪಲಿಲ್ಲ. ಅವರು ಮೋತೀಲಾಲ ನೆಹರೂ ಅವರೊಡನೆ ಸೇರಿ ೧೯೨೩ರ ಆರಂಭದಲ್ಲಿ ಸ್ವರಾಜ್ಯ ಪಕ್ಷವನ್ನು ಸ್ಥಾಪಿಸಿದರು. ೧೯೨೪ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಂಧೀಜಿ, ದಾಸರು, ನೆಹರೂ ಈ ಮೂವರ ನಡುವೆ ಆದ ಒಪ್ಪಂದವು ಮರು ತಿಂಗಳು ನಮ್ಮ ಬೆಳಗಾವಿಯ ಅಧಿವೇಶನದಲ್ಲಿಯೇ ಮನ್ನಣೆ ಪಡೆಯಿತೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು.

ಈಗ ಪೌರಾಡಳಿತದ ವಿಷಯಕ್ಕೆ ಬರೋಣ. ಅಂದಿನ ಕಲ್ಕತ್ತೆ ಒಂದೇ ಹೆಸರಿನ ಎರಡು ಊರುಗಳಂತಿತ್ತು. ಚೌರಂಗಿಯ ಆಚೀಚೆ ಐರೋಪ್ಯರ ವಿಶಾಲವಾದ ಬೀದಿಗಳೂ ತೋಟದ ಮನೆಗಳೂ ಇದ್ದವು. ಅದರಾಚೆಗೆ ಕಿಕ್ಕಿರಿದ ಓಣಿಗಳೂ ಬಸ್ತಿಗಳೂ ಇದ್ದವು. ಬಂಗಾಳದಲ್ಲಿ ಬಸ್ತಿಯೆಂದರೆ ನಮ್ಮ ನಾಡಿನ ಜೈನ ಬಸ್ತಿಯಲ್ಲ, ಗುಡಿಸಲುಗಳ ಕೇರಿ. ಅಲ್ಲಿನ ವ್ಯವಸ್ಥೆಯೂ ವಿಚಿತ್ರವಾದುದು. ನೆಲ ಒಬ್ಬ ಜಮೀನ್ದಾರನದು. ಆ ನೆಲವನ್ನು ಬಾಡಿಗೆಗೆ ಹಿಡಿದು ಗುಡಿಸಲು ಕಟ್ಟಿಸಿದವನು ಇನ್ನೊಬ್ಬ, ಅವನಿಗೆ ಠಿಕಾ ಒಕ್ಕಲೆಂದು ಹೆಸರು. ಗುಡಿಸಲಿನ ಒಂದೊಂದು ಕೋಣೆಯಲ್ಲಿ ಬಾಡಿಗೆ ತೆತ್ತು ಸಂಸಾರ ಹೂಡಿದವನು ಮೂರನೆಯವನು. ನಲ್ಲಿ ಹಾಕಿಸು ಎಂದರೆ ಒಬ್ಬನು ಇನ್ನೊಬ್ಬನ ಕಡೆಗೆ ಕೈ ತೋರಿಸುವನು. ನೆಲದೊಡೆಯನಿಗೆ ಗುಡಿಸಲಿನ ಗೊಡವೆಯಿಲ್ಲ. ಗುಡಿಸಲಿನವನಿಗೆ ನೆಲದ ಮೇಲೆ ಭರವಸೆಯಿಲ್ಲ. ಬಾಡಿಗೆಯವನಿಗೆ ಯಾವ ಹಕ್ಕೂ ಇಲ್ಲ.

ಪೌರಸಭೆಯಾದರೂ ಇವರ ಕಡೆ ನೋಡುವಂತಿತ್ತೆ? ೧೮೯೯ರ ಮೆಕೆಂಜಿ ಕಾಯಿದೆಯು ಜನರಿಂದ ಆಯ್ಕೆಯಾದ ಸದಸ್ಯರ ಬಲವನ್ನು ಕುಗ್ಗಿಸಿದಾಗ, ಸುರೇಂದ್ರನಾಥ ಬ್ಯಾನರ್ಜಿಯವರೂ ಸೇರಿ ೨೮ ಮಂದಿ ಸದಸ್ಯರು ರಾಜೀನಾಮೆ ಕೊಟ್ಟು ಹೊರಬಂದಿದ್ದರು. ೧೯೧೧ರ ಕಾಯಿದೆಯಂತೆ ನಗರ ಸುಧಾರಣಾ ಟ್ರಸ್ಟ್ ಏರ್ಪಟ್ಟಿತು. ಅದು ರಾಜಮಾರ್ಗಗಳನ್ನು ತೆರೆಯಿತು, ಗಾಳಿ ಬೆಳಕುಗಳನ್ನು ತಂದಿತು. ಆದರೆ ರಸ್ತೆಗಾಗಿ ಕೇರಿಯನ್ನು ಕೆಡವಿದಾಗ ಅಲ್ಲಿದ್ದ ಬಡವನು ಎಲ್ಲಿಗೆ ಹೋಗಬೇಕು? ರಸ್ತೆಯ ಇಕ್ಕೆಲದ ನಿವೇಶನಗಳ ಬೆಲೆ ಏರುತ್ತಿತ್ತು. ಅವನು ಮತ್ತೊಂದು ಬಸ್ತಿಯನ್ನು ಹುಡುಕಿಕೊಂಡು ಹೋಗುತ್ತಿದ್ದನು.

ಅದೇ ಸುರೇಂದ್ರನಾಥರು ಸ್ಥಳೀಯ ಸ್ವಯಮಾಡಳಿತದ ಮಂತ್ರಿಗಳಾಗಿ ೧೯೨೩ರಲ್ಲಿ ಹೊಸ ಪೌರ ಕಾಯಿದೆಯನ್ನು ತಂದರು. ಮತದಾನದ ಹಕ್ಕು ಹಿಂದಿಗಿಂತ ಹೆಚ್ಚು ಜನರಿಗೆ ದೊರಕಿತು, ಸ್ತ್ರೀಯರಿಗೂ ದೊರಕಿತು. ಕಾಶೀಪುರ, ಚಿತ್‌ಪುರ, ಮಾಣಿಕ್‌ತಲಾ ಮೊದಲಾದ ಹೊರವಲಯಗಳು ನಗರಕ್ಕೆ ಸೇರಿದವು. ಸದಸ್ಯರೇ ಮೇಯರನ್ನು ಆರಿಸತಕ್ಕದ್ದೆಂದು ನಿಯಮವಾಯಿತು. ೧೯೨೪ರ ಚುನಾವಣೆಯಲ್ಲಿ ಸ್ವರಾಜ್ಯ ಪಕ್ಷವು ಗೆದ್ದಿತು. ಏಪ್ರಿಲಿನಲ್ಲಿ ದಾಸರು ಕಲ್ಕತ್ತೆಯ ಪ್ರಥಮ ಮೇಯರ್ ಆದರು. ಶಹೀದ್ ಸುಹ್ರಾವರ್ದಿಯವರು ಉಪಮೇಯರ್ ಆದರು. ಮುಖ್ಯ ಕಾರ್ಯನಿರ್ವಾಹಕ ಅಧಿಕಾರದ ಸ್ಥಾನಕ್ಕೆ ದಾಸರು ತಂದುದು ೨೭ ವರ್ಷದ ತರುಣ ಸುಭಾಷಚಂದ್ರ ಬೋಸರನ್ನು. ಆ ಹುದ್ದೆಯ ಸಂಬಳ ತಿಂಗಳಿಗೆ ೩,೦೦೦ ರೂಪಾಯಿ. ಬೋಸರು ಅದರಲ್ಲಿ ಅರ್ಧವನ್ನು ಮಾತ್ರ ಸ್ವೀಕರಿಸಿದರು.

ಅಧಿಕಾರ ವಹಿಸಿದ ಆರಂಭದಲ್ಲಿಯೇ ದಾಸರು ತಮ್ಮ ಕಾರ್ಯಕ್ರಮವನ್ನು ಸಭೆಯ ಮುಂದಿಟ್ಟರು. ಉಚಿತವಾದ ಪ್ರಾಥಮಿಕ ಶಿಕ್ಷಣ, ಬಡವರಿಗೆ ಉಚಿತ ವೈದ್ಯಸಹಾಯ, ಶುದ್ಧವೂ ಅಗ್ಗವೂ ಆದ ಆಹಾರ ಮತ್ತು ಹಾಲು, ಸಾಕಷ್ಟು ನೀರು, ಬಸ್ತಿಗಳ ನೈರ್ಮಲ್ಯ, ಬಡವರಿಗೆ ವಸತಿ, ಹೊರವಲಯಗಳ ಅಭಿವೃದ್ಧಿ, ಸಾರಿಗೆ ಸೌಕರ್ಯ, ಕಡಿಮೆ ವೆಚ್ಚದಲ್ಲಿ ದಕ್ಷ ಆಡಳಿತ: ಇವು ಅದರ ಅಂಶಗಳು. ಶಾಲೆಯನ್ನೂ ಮನೆಯನ್ನೂ ಅವರು ಒಂದೇ ಪಟ್ಟಿಯಲ್ಲಿ ಸೇರಿಸಿದುದನ್ನು ವಾಚಕರು ಗಮನಿಸಬೇಕು. ಮಗುವಿಗೆ ಯಾವ ಶಾಲೆಯೆಂಬುದನ್ನು ಅದರ ಬುದ್ಧಿಗಿಂತ ಮೊದಲು ಅದರ ಮನೆಯಿರುವ ಬೀದಿಯೇ ನಿರ್ಣಯಿಸುತ್ತದೆ. ಮಳೆಗಾಲದಲ್ಲಿ ನೀರು ನುಗ್ಗುವ ಕೋಣೆಯಿಂದ, ಹೊಟ್ಟೆಗಿಲ್ಲದೆ, ಜ್ವರದಿಂದ ನರಳುತ್ತ ಬರುವ ಮಗುವಿಗೆ ಶಾಲೆಯ ಬಾಗಿಲು ತೆರೆದಿದ್ದೂ ಪ್ರಯೋಜನವೇನು?

ಶಿಕ್ಷಣದ ಮಟ್ಟಿಗೆ ಕೆಲಸ ಬೇಗನೆ ಪ್ರಾರಂಭವಾಯಿತು. ಪೌರಸಭೆಯಲ್ಲಿ ಪ್ರತ್ಯೇಕವಾದ ಶಿಕ್ಷಣ ಇಲಾಖೆ ಹುಟ್ಟಿತು. ಕೇಂಬ್ರಿಜ್ಜಿನಲ್ಲಿ ಓದಿಬಂದಿದ್ದ ಕ್ಷಿತೀಶಪ್ರಸಾದ ಚಟ್ಟೋಪಾಧ್ಯಾಯರು ಅದರ ಅಧಿಕಾರಿಗಳಾದರು. ಹುಡುಗರಿಗೂ ಹುಡುಗಿಯರಿಗೂ ಶುಲ್ಕವಿಲ್ಲದ ಪ್ರಾಥಮಿಕ ಶಾಲೆಗಳು ನಗರದ ನಾನಾ ಭಾಗಗಳಲ್ಲಿ ತೆರೆದವು. ವಾರ್ಡುಗಳಲ್ಲಿ ಆರೋಗ್ಯ ಸಂಘಗಳು ಏರ್ಪಟ್ಟವು. ಪೌರಸಭೆಯ ನೌಕರರ ಸಮವಸ್ತ್ರಕ್ಕೆ ಖಾದಿ ಬಂದಿತು. ಆಡಳಿತದ ವಿಷಯಗಳು ಜನರಿಗೆ ತಿಳಿಯಲೆಂದು ಅದೇ ವರ್ಷದ ನವೆಂಬರಿನಲ್ಲಿ ಮುನಿಸಿಪಲ್ ಗೆಜೆಟ್ ಪತ್ರಿಕೆ ಹೊರಟಿತು.

ಅಸಮಾನತೆಯೆಂಬುದು ಬಡವ ಬಲ್ಲಿದರ ನಡುವೆ ಮಾತ್ರ ಇರಲಿಲ್ಲ. ಬಂಗಾಳದಲ್ಲಿ ಮುಸ್ಲಿಮರು ಬಹುಸಂಖ್ಯಾತರಾಗಿದ್ದರೂ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಹಿಂದುಳಿದಿದ್ದರು. ಸ್ಥಳೀಯ ಸಂಸ್ಥೆಗಳಲ್ಲಿ ಆಯಾ ಪ್ರದೇಶದ ಬಹುಸಂಖ್ಯಾತರಿಗೆ ನೂರಕ್ಕೆ ೬೦, ಅಲ್ಪಸಂಖ್ಯಾತರಿಗೆ ೪೦ರಂತೆ ಸ್ಥಾನ ದೊರೆಯಬೇಕೆಂದು ದಾಸರು ೧೯೨೩ರಲ್ಲಿ ಬಂಗಾಳದ ಒಪ್ಪಂದವನ್ನು ರೂಪಿಸಿದರು. ಆ ವರ್ಷದ ಕಾಕಿನಾಡ ಕಾಂಗ್ರೆಸ್ ಅದನ್ನು ತಿರಸ್ಕರಿಸಿತು. ಆದರೂ ಪೌರಸಭೆಯ ಹೊಸ ನೇಮಕಗಳಲ್ಲಿ ಮುಸ್ಲಿಮರಿಗೆ ಹೆಚ್ಚಿನ ಪಾಲು ಸಿಕ್ಕಿತು. ಇದಕ್ಕಾಗಿ ಸ್ವಜನರಿಂದಲೇ ಕಟುವಾದ ಟೀಕೆ ಬಂದಾಗ ದಾಸರೂ ಬೋಸರೂ ಹಿಂಜರಿಯಲಿಲ್ಲ. ದಾಸರ ನಿಧನದ ನಂತರ, ೧೯೨೬ರಲ್ಲಿ, ಆ ಒಪ್ಪಂದವನ್ನು ಪ್ರಾಂತದ ಕಾಂಗ್ರೆಸ್ಸೂ ಕೈಬಿಟ್ಟಿತು. ಬಂಗಾಳದ ಮುಂದಿನ ಇತಿಹಾಸವನ್ನು ಬಲ್ಲವರಿಗೆ ಅದರಿಂದಾದ ನಷ್ಟವನ್ನು ವಿವರಿಸಬೇಕಾಗಿಲ್ಲ.

ವಿಧಿಯು ಈ ಪ್ರಯೋಗಕ್ಕೆ ಹೆಚ್ಚು ಕಾಲ ಕೊಡಲಿಲ್ಲ. ೧೯೨೪ರ ಅಕ್ಟೋಬರಿನಲ್ಲಿ ಸರಕಾರವು ಬೋಸರನ್ನು ವಿಚಾರಣೆಯಿಲ್ಲದೆ ಬಂಧಿಸಿ, ಮುಂದೆ ಬರ್ಮಾದ ಮಂಡಾಲೆಗೆ ಕಳುಹಿಸಿತು. ದಾಸರ ದೇಹವು ದುಡಿಮೆಯಿಂದ ಜರ್ಜರಿತವಾಗಿತ್ತು. ವಿಶ್ರಾಂತಿಗೆಂದು ಡಾರ್ಜಿಲಿಂಗಿಗೆ ಹೋದವರು ೧೯೨೫ರ ಜೂನ್ ೧೬ರಂದು ಅಲ್ಲಿಯೇ ನಿಧನ ಹೊಂದಿದರು. ವಯಸ್ಸು ಇನ್ನೂ ೫೫ ತುಂಬಿರಲಿಲ್ಲ. ಕಲ್ಕತ್ತೆಯಲ್ಲಿ ನಡೆದ ಅಂತಿಮಯಾತ್ರೆಯಲ್ಲಿ ಗಾಂಧೀಜಿಯೇ ಮುಂದೆ ನಿಂತರು. ಭವಾನೀಪುರದ ತಮ್ಮ ಮನೆಯನ್ನು ದಾಸರು ಅದಕ್ಕೆ ಮೊದಲೇ ದೇಶದ ಸೇವೆಗೆ ಬಿಟ್ಟುಕೊಟ್ಟಿದ್ದರು. ೧೯೨೬ರಲ್ಲಿ ಅದು ಸ್ತ್ರೀಯರ ಆಸ್ಪತ್ರೆಯಾಗಿ, ಚಿತ್ತರಂಜನ ಸೇವಾಸದನವೆಂಬ ಹೆಸರು ಪಡೆಯಿತು.

ಅವರ ಪಟ್ಟಿಯಲ್ಲಿ ಯಾವುದು ಕೈಗೂಡಿತು, ಯಾವುದು ಕೈಗೂಡಲಿಲ್ಲವೆಂದು ನಾವು ಕೇಳಿಕೊಳ್ಳುವುದು ನ್ಯಾಯವೇ. ಶಾಲೆಗಳು ಉಳಿದವು, ಬೆಳೆದವು. ಆದರೆ ಬಡವರ ವಸತಿ ಹಾಗೆಯೇ ಉಳಿಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಶಾಲೆಯನ್ನು ತೆರೆಯಲು ಪೌರಸಭೆಗೆ ಒಂದು ಕಟ್ಟಡ, ಒಬ್ಬ ಉಪಾಧ್ಯಾಯ, ಆಯವ್ಯಯದಲ್ಲಿ ಒಂದು ಬಾಬು ಸಾಕು. ಮನೆಯ ಪ್ರಶ್ನೆಯಲ್ಲಾದರೋ ನೆಲದ ಒಡೆತನವು ಅಡ್ಡ ಬರುತ್ತದೆ. ಅಂದಿನ ಮತದಾನದ ಹಕ್ಕು ತೆರಿಗೆ, ಬಾಡಿಗೆಗಳ ಲೆಕ್ಕದ ಮೇಲೆ ನಿಂತಿದ್ದುದರಿಂದ ನೆಲವುಳ್ಳವನಿಗೆ ಮತವಿತ್ತು. ಬಸ್ತಿಯ ಕೋಣೆಯಲ್ಲಿದ್ದವನಿಗೆ ಹೆಚ್ಚಾಗಿ ಮತವಿರಲಿಲ್ಲ. ಮತವಿಲ್ಲದವನ ಮನೆಯ ಚಿಂತೆ ಯಾರಿಗೆ? ಠಿಕಾ ಒಕ್ಕಲುಗಳಿಗೆ ಕಾನೂನಿನ ರಕ್ಷಣೆ ಬರಲು ೧೯೪೯ರವರೆಗೆ ಕಾಯಬೇಕಾಯಿತು. ಆ ನೆಲವು ಸರಕಾರಕ್ಕೆ ಸೇರುವ ಕಾಯಿದೆ ಬಂದುದು ೧೯೮೧ರಲ್ಲಿ. ೨೦೧೧ರ ಖಾನೇಷುಮಾರಿಯಲ್ಲಿಯೂ ನಗರದ ಸುಮಾರು ಮೂರನೆಯ ಒಂದು ಪಾಲು ಜನರು ಬಸ್ತಿವಾಸಿಗಳೇ.

ಸುಧಾರಣಾ ಟ್ರಸ್ಟ್ ಹಳೆಯ ಓಣಿಗಳನ್ನು ಕೆಡವಿ ತೆರೆದ ಸೆಂಟ್ರಲ್ ಅವೆನ್ಯೂ ಇಂದು ಚಿತ್ತರಂಜನ ಅವೆನ್ಯೂ ಎನಿಸಿದೆ. ಬಡವರಿಗೆ ವಸತಿ ಬೇಕೆಂದವರ ಹೆಸರು ವಸತಿಗಳನ್ನು ಕೆಡವಿದ ರಸ್ತೆಗೆ ಬಂದುದು ವಿಪರ್ಯಾಸವೆನಿಸಬಹುದು. ಆದರೆ ಆ ಹೆಸರನ್ನು ಓದಿದವರಿಗೆ ಅವರ ಪಟ್ಟಿಯೂ ನೆನಪಾದರೆ ಅದು ವ್ಯರ್ಥವಲ್ಲ.

ನಮ್ಮವರ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ದುಡಿಯುವ ಹೋಟೆಲಿನಲ್ಲಿಯೇ ಚಾಪೆ ಹಾಸುವ ಹುಡುಗನಿಗೆ ಮನೆಯ ವಿಳಾಸವೇ ಇಲ್ಲ. ಒಂದು ಕೋಣೆಯಲ್ಲಿ ನಾಲ್ವರೊಡನೆ ಬಾಡಿಗೆ ಹಂಚಿಕೊಳ್ಳುವ ಗುಮಾಸ್ತನ ಕೈಯಲ್ಲಿ ರಸೀತಿಯಿಲ್ಲ. ವಿಳಾಸವಿಲ್ಲದವನ ಹೆಸರು ಮತದಾರರ ಪಟ್ಟಿಗೆ ಸೇರುವುದು ಕಷ್ಟ. ಮುಂಬಯಿಯ ಪೌರಸಭೆಯು ಕನ್ನಡ ಶಾಲೆಗಳನ್ನೂ ನಡೆಸಿಕೊಂಡು ಬಂದುದು ಅಲ್ಲಿ ಕನ್ನಡಿಗರು ನಗರದ ನಿವಾಸಿಗಳಾಗಿ ಲೆಕ್ಕಕ್ಕೆ ಬಂದುದರಿಂದ. ದಾಸರ ಕಾಲದ ಬಸ್ತಿವಾಸಿಗೆ ಇಲ್ಲದಿದ್ದ ಮತವು ಇಂದು ೧೮ ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ಇದೆ. ಆದುದರಿಂದ ನಾವಿರುವ ನಗರದ ಮತದಾರರ ಪಟ್ಟಿಯಲ್ಲಿ ಹೆಸರನ್ನು ಬರೆಸಿಕೊಳ್ಳೋಣ. ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಶಾಲೆಯ ಮಾತನ್ನೂ ಸೂರಿನ ಮಾತನ್ನೂ ಒಟ್ಟಿಗೇ ಎತ್ತೋಣ. ದೇಶಬಂಧುವಿನ ಪಟ್ಟಿಯಲ್ಲಿ ಬಾಕಿ ಉಳಿದ ಕೆಲಸವು ನಡೆಯಬೇಕಾದುದು ಆ ಕ್ರಮದಿಂದಲೇ.