ಫೋಟೋ ಅಸಲಿ, ವಿವರಣೆ ತಪ್ಪು: ಮನೆಯಂಗಳದಿಂದ ನಕ್ಷತ್ರಪುಂಜ ಸೆರೆಹಿಡಿದ ಐಸಾಕ್ ರಾಬರ್ಟ್ಸ್ ಕಥೆ

ಆಕಾಶದ ಅದ್ಭುತ ಫೋಟೋಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಫೋಟೋ ಎಡಿಟ್ ಆಗಿಲ್ಲ ಎಂದು ಗೊತ್ತಾದರೆ ಅದರ ಜೊತೆಗಿರುವ ಬರಹವನ್ನೂ ನಾವು ನಂಬಿಬಿಡುತ್ತೇವೆ. ಇದು ಸರಿಯೇ? ಉತ್ತರಕ್ಕಾಗಿ ನಾವು 19ನೇ ಶತಮಾನದ ಒಬ್ಬ ಕಟ್ಟಡ ಗುತ್ತಿಗೆದಾರರ ಬದುಕನ್ನು ನೋಡೋಣ.

ಯಾರು ಈ ರಾಬರ್ಟ್ಸ್?

ಐಸಾಕ್ ರಾಬರ್ಟ್ಸ್ ಹುಟ್ಟಿದ್ದು 1829ರಲ್ಲಿ, ಬ್ರಿಟನ್ನಿನ ವೇಲ್ಸ್‌ನಲ್ಲಿ. ಲಿವರ್‌ಪೂಲ್‌ನಲ್ಲಿ ಕಟ್ಟಡ ಕೆಲಸ ಕಲಿತು, ಗುತ್ತಿಗೆದಾರರಾಗಿ ಹಣ ಸಂಪಾದಿಸಿದರು. ಖಗೋಳ ವಿಜ್ಞಾನ ಅವರ ಹವ್ಯಾಸ ಮಾತ್ರ. 1885ರಲ್ಲಿ, ಲಿವರ್‌ಪೂಲ್ ಪಕ್ಕದ ಮಗಲ್ ಎಂಬ ಊರಿನ ಮನೆಯಲ್ಲಿ 20 ಇಂಚು ಅಗಲದ ಕನ್ನಡಿಯಿದ್ದ ದೂರದರ್ಶಕ ಹಾಕಿಸಿದರು. ಆಗ ಅವರಿಗೆ 56 ವರ್ಷ.

ಕಣ್ಣಿಗೆ ಕಾಣದ್ದು ಫೋಟೋದಲ್ಲಿ ಕಂಡದ್ದು ಹೇಗೆ?

ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಫೋಟೋ ಪ್ಲೇಟ್ ಕೂಡಿಡುತ್ತದೆ. ಅದಕ್ಕಾಗಿ ಪ್ಲೇಟನ್ನು ಗಂಟೆಗಟ್ಟಲೆ ತೆರೆದಿಡಬೇಕು. ಭೂಮಿ ತಿರುಗುವುದರಿಂದ, ದೂರದರ್ಶಕವೂ ಅದೇ ಲೆಕ್ಕದಲ್ಲಿ ನಕ್ಷತ್ರವನ್ನು ಹಿಂಬಾಲಿಸಬೇಕು. ಇಲ್ಲದಿದ್ದರೆ ಚುಕ್ಕಿ ಗೀರಾಗುತ್ತದೆ. 1886ರಲ್ಲಿ ಹೀಗೆ ತೆಗೆದ ಕೃತ್ತಿಕಾ ನಕ್ಷತ್ರಪುಂಜದ ಫೋಟೋದಲ್ಲಿ, ನಕ್ಷತ್ರಗಳ ಸುತ್ತ ಹರಡಿದ ಮಂಜಿನಂಥ ಮೋಡ ಕಾಣಿಸಿತು. 1888ರಲ್ಲಿ ಆಂಡ್ರೊಮಿಡಾದ ಸುರುಳಿ ಆಕಾರವೂ ಸಿಕ್ಕಿತು.

ತಪ್ಪಾದದ್ದು ಎಲ್ಲಿ?

ಆ ಸುರುಳಿ, ಈಗಷ್ಟೇ ಹುಟ್ಟುತ್ತಿರುವ ಒಂದು ಸೌರಮಂಡಲ ಎಂದು ರಾಬರ್ಟ್ಸ್ ಭಾವಿಸಿದರು. ಅಂದಿನ ತಿಳಿವಳಿಕೆಗೆ ಅದು ಹೊಂದುತ್ತಿತ್ತು. 1895ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. 1904ರಲ್ಲಿ ಅವರು ತೀರಿಕೊಂಡರು. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದರು. ಅದರಿಂದ ದೂರ ಲೆಕ್ಕಹಾಕಿದಾಗ, ಅದು ನಮ್ಮ ಆಕಾಶಗಂಗೆಯ ಆಚೆಗಿರುವ ಇನ್ನೊಂದು ಗ್ಯಾಲಕ್ಸಿ ಎಂಬುದು ಖಚಿತವಾಯಿತು. ಇಂದಿನ ಲೆಕ್ಕದಲ್ಲಿ ಆ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಕೃತ್ತಿಕೆಯ ಮೋಡದ್ದೂ ಇದೇ ಕಥೆ. ನಕ್ಷತ್ರಗಳು ಹುಟ್ಟಿದಾಗ ಉಳಿದ ಧೂಳು ಅದೆಂದು ಬಹುಕಾಲ ನಂಬಲಾಗಿತ್ತು. ಪುಂಜವು ಈಗ ಬೇರೊಂದು ಧೂಳಿನ ಮೋಡದ ಮೂಲಕ ಹಾದುಹೋಗುತ್ತಿದೆ ಎಂಬುದು ಇಂದಿನ ತಿಳಿವಳಿಕೆ.

ಹಾಗಾದರೆ ನಾವು ಏನು ಮಾಡಬೇಕು?

ರಾಬರ್ಟ್ಸ್ ಮೋಸ ಮಾಡಲಿಲ್ಲ. ಅವರ ಫೋಟೋ ಇಂದಿಗೂ ನಿಜ, ವಿವರಣೆ ಮಾತ್ರ ಬದಲಾಯಿತು. ಆದ್ದರಿಂದ ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಫೋಟೋ ಅಸಲಿಯೇ? ಅದರ ಜೊತೆಗಿರುವ ಮಾತೂ ಅಸಲಿಯೇ?