ಗೋಪಾಲಕೃಷ್ಣ ಗೋಖಲೆ: ಕಾಗಲದಿಂದ ಕಾಲೇಜಿಗೆ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಕಚೇರಿ ಮುಂದೆ ಟಿ.ಸಿ.ಗಾಗಿ ಸಾಲು ನಿಲ್ಲುತ್ತದೆ. ಮಗ ಅಥವಾ ಮಗಳು ಪಟ್ಟಣದ ಕಾಲೇಜಿಗೆ ಹೊರಟ ಸಂತೋಷ ಒಂದು ಕಡೆ, ಬಸ್ ಪಾಸು, ಹಾಸ್ಟೆಲು, ಫೀಸು ಎಂಬ ಲೆಕ್ಕ ಇನ್ನೊಂದು ಕಡೆ. ಆ ಸಾಲಿನಲ್ಲಿ ಅಪ್ಪಂದಿರ ಜೊತೆ ಅಣ್ಣಂದಿರೂ ನಿಂತಿರುತ್ತಾರೆ. ಅವರಲ್ಲಿ ಕೆಲವರು ಇದೇ ಶಾಲೆಯಲ್ಲಿ ಓದು ನಿಲ್ಲಿಸಿ ಹೊಲಕ್ಕೋ ಗ್ಯಾರೇಜಿಗೋ ಹೋದವರು. ಈ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಿ ಎಂದು ಕೇಳಿದಾಗ ನನಗೆ ಆ ಅಣ್ಣಂದಿರು ನೆನಪಾದರು. ಅದರಿಂದಲೇ ಗೋಪಾಲಕೃಷ್ಣ ಗೋಖಲೆಯವರನ್ನು ಆರಿಸಿಕೊಂಡೆ.

ಗೋಖಲೆಯವರೆಂದರೆ ಗಾಂಧೀಜಿ ತಮ್ಮ ರಾಜಕೀಯ ಗುರುವೆಂದು ಒಪ್ಪಿಕೊಂಡವರು ಎಂಬುದು ಎಲ್ಲರಿಗೂ ಗೊತ್ತು. ಬೇರೆಯವರ ಸಹಾಯದಿಂದ ಲೆಕ್ಕ ಬಿಡಿಸಿ, ಮೇಷ್ಟ್ರು ಹೊಗಳಿದಾಗ ಅತ್ತು ನಿಜ ಹೇಳಿದ ಹುಡುಗನ ಕಥೆಯನ್ನು ನಾವು ಎಷ್ಟು ತರಗತಿಗಳಲ್ಲಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಆ ಹುಡುಗ ಕಾಲೇಜಿಗೆ ಹೋದದ್ದು ಹೇಗೆ, ಹೋಗಿ ಬಂದ ಮೇಲೆ ಏನು ಮಾಡಿದ ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಕಥೆ.

ಅವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರಿಗೆ ಕಾಗಲದಲ್ಲಿ ಸಣ್ಣ ನೌಕರಿ. ನಮ್ಮ ನಿಪ್ಪಾಣಿ ದಾಟಿ ಹೆದ್ದಾರಿಯಲ್ಲಿ ಕೊಲ್ಲಾಪುರದ ಕಡೆ ಹೊರಟರೆ ಸಿಗುವ ಊರೇ ಕಾಗಲ. ಮಕ್ಕಳಿಬ್ಬರೂ, ಹಿರಿಯ ಗೋವಿಂದ ಮತ್ತು ಕಿರಿಯ ಗೋಪಾಲ, ಮುಂದಿನ ಓದಿಗೆ ಕೊಲ್ಲಾಪುರಕ್ಕೆ ಹೋದರು. 1879ರಲ್ಲಿ ತಂದೆ ತೀರಿಕೊಂಡರು. ಆಗ ಗೋಪಾಲನಿಗೆ 13 ವರ್ಷ, ಗೋವಿಂದನಿಗೆ 18.

ಮನೆಯಲ್ಲಿ ಒಬ್ಬ ಓದಬೇಕು, ಒಬ್ಬ ದುಡಿಯಬೇಕು. ಇಬ್ಬರೂ ಓದುವಷ್ಟು ಅನುಕೂಲವಿರಲಿಲ್ಲ. ಗೋವಿಂದ ಪುಸ್ತಕ ಕೆಳಗಿಟ್ಟ. ಕಾಗಲದಲ್ಲಿ ತಿಂಗಳಿಗೆ 15 ರೂಪಾಯಿಯ ಕೆಲಸಕ್ಕೆ ಸೇರಿ, ಅದರಲ್ಲಿ 8 ರೂಪಾಯಿಯನ್ನು ತಮ್ಮನ ಓದಿಗೆ ಕೊಲ್ಲಾಪುರಕ್ಕೆ ಕಳಿಸುತ್ತಿದ್ದ. ಉಳಿದ 7 ರೂಪಾಯಿಯಲ್ಲಿ ಮನೆ ಮಂದಿಯೆಲ್ಲರ ಸಂಸಾರ. ಗೋವಿಂದನೂ ಓದಿನಲ್ಲಿದ್ದ ಹುಡುಗನೇ ಎಂಬುದನ್ನು ಮರೆಯಬಾರದು. ಅವನು ಓದಿದ್ದರೆ ಏನಾಗುತ್ತಿದ್ದನೋ ಯಾರಿಗೂ ತಿಳಿಯದು. ಚರಿತ್ರೆ ಪುಸ್ತಕಗಳಲ್ಲಿ ಅವನಿಗೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ.

ಆ 8 ರೂಪಾಯಿಯ ಬೆಲೆ ತಮ್ಮನಿಗೆ ಗೊತ್ತಿತ್ತು. ಒಮ್ಮೆ ಜೊತೆಗಾರನೊಬ್ಬ ನಾಟಕಕ್ಕೆ ಕರೆದೊಯ್ದು ಆಮೇಲೆ ಟಿಕೆಟ್ಟಿನ ಹಣ ಕೇಳಿದನಂತೆ. ಅದನ್ನು ಕೊಟ್ಟ ಮೇಲೆ ದೀಪದ ಎಣ್ಣೆಗೆ ಕಾಸು ಉಳಿಯದೆ ಗೋಪಾಲ ಬೀದಿದೀಪದ ಕೆಳಗೆ ಓದಿದನೆಂದು ಅವರ ಜೀವನ ಬರೆದವರು ಹೇಳುತ್ತಾರೆ. 1881ರಲ್ಲಿ ಮೆಟ್ರಿಕ್ ಪಾಸಾಯಿತು. ಇನ್ನು ಸಾಕು, ನಾನೂ ನೌಕರಿಗೆ ಸೇರುತ್ತೇನೆ ಎಂದು ಹುಡುಗ ಹಟ ಹಿಡಿದಾಗ ಒಪ್ಪದವರು ಅಣ್ಣ ಮತ್ತು ಅತ್ತಿಗೆ. ಕಾಲೇಜಿನ ಖರ್ಚಿಗೆ ಅತ್ತಿಗೆ ತಮ್ಮ ಒಡವೆಗಳನ್ನೇ ಕೊಟ್ಟರೆಂದು ಹೇಳುತ್ತಾರೆ. ನಮ್ಮೂರಿನ ಎಷ್ಟೋ ಮನೆಗಳ ಓಲೆ, ಸರಗಳು ಹೀಗೆಯೇ ಕಾಲೇಜು ಕಂಡಿವೆ. ಓದುವವರು ತಮ್ಮ ತಮ್ಮ ಮನೆಯನ್ನು ನೆನಪಿಸಿಕೊಳ್ಳಬಹುದು.

ಕೊಲ್ಲಾಪುರದ ರಾಜಾರಾಮ್ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಕೊನೆಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು. ಕೊನೆಯ ವರ್ಷ ತಿಂಗಳಿಗೆ 20 ರೂಪಾಯಿಯ ವಿದ್ಯಾರ್ಥಿವೇತನ ದೊರೆಯಿತು. 1884ರಲ್ಲಿ, 18ನೆಯ ವಯಸ್ಸಿಗೆ, ಬಿ.ಎ. ಆಯಿತು. ಆ ಕಾಲದಲ್ಲಿ ಬಿ.ಎ. ಎಂದರೆ ಸರ್ಕಾರಿ ನೌಕರಿಯ ಬಾಗಿಲು ತೆರೆದಂತೆ. ಐ.ಸಿ.ಎಸ್., ಎಂಜಿನಿಯರಿಂಗ್, ವಕೀಲಿ ಎಂದು ಹಲವು ಯೋಚನೆಗಳು ಬಂದುಹೋದವು. ಮನೆಯವರು ನಿರೀಕ್ಷಿಸಿದ್ದೂ ಅದನ್ನೇ. ತಪ್ಪೇನಿಲ್ಲ, ವರ್ಷಗಟ್ಟಲೆ ಹೊಟ್ಟೆ ಕಟ್ಟಿ ಓದಿಸಿದವರು ಅವರು.

ಗೋಖಲೆಯವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 35 ರೂಪಾಯಿಯ ಮೇಷ್ಟ್ರಾದರು. ಜೊತೆಗೆ ಕಾನೂನಿನ ತರಗತಿಗೂ ಹೋಗುತ್ತಿದ್ದರು. ಆ ಶಾಲೆಯನ್ನು 1880ರಲ್ಲಿ ಚಿಪಳೂಣಕರ, ತಿಲಕ, ಆಗರಕರ ಮುಂತಾದ ತರುಣರು ಕಟ್ಟಿದ್ದರು. ನಮ್ಮ ಹುಡುಗರಿಗೆ ನಾವೇ ಒಳ್ಳೆಯ, ಅಗ್ಗದ ಶಿಕ್ಷಣ ಕೊಡಬೇಕೆಂಬುದು ಅವರ ಹಂಬಲ. ಅದೇ ಬಳಗ 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನೂ 1885ರಲ್ಲಿ ಫರ್ಗ್ಯುಸನ್ ಕಾಲೇಜನ್ನೂ ಸ್ಥಾಪಿಸಿತು. ಸೊಸೈಟಿಯ ಆಜೀವ ಸದಸ್ಯರಾಗುವವರು 20 ವರ್ಷ ಅಲ್ಲೇ ಪಾಠ ಹೇಳಬೇಕು. ಸಂಬಳ ತಿಂಗಳಿಗೆ 75 ರೂಪಾಯಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಮಾಜಕ್ಕಾಗಿ ತ್ಯಾಗ ಮಾಡುವುದು ಒಳ್ಳೆಯದೇ, ಆದರೆ ಯಾರ ಹಣದ ತ್ಯಾಗ? ವಕೀಲರಾದರೆ ಬರಬಹುದಾಗಿದ್ದ ವರಮಾನದಲ್ಲಿ ಅಣ್ಣನ ಪಾಲೂ ಇತ್ತಲ್ಲ. ಇಪ್ಪತ್ತರ ಹರೆಯದ ಗೋಖಲೆಯವರಿಗೆ ಈ ಪ್ರಶ್ನೆ ಎದುರಾಗದೆ ಇರಲಿಲ್ಲ. ಅವರು ಅಣ್ಣನನ್ನು ಕೇಳಿದರು, ಒಪ್ಪಿಸಿದರು, ಆಮೇಲೆ 1886ರಲ್ಲಿ ಆಜೀವ ಸದಸ್ಯರಾದರು. ನನಗೆ ಆ ತಮ್ಮನ ನಿರ್ಧಾರಕ್ಕಿಂತ ಅಣ್ಣನ ಒಪ್ಪಿಗೆಯೇ ದೊಡ್ಡದಾಗಿ ಕಾಣುತ್ತದೆ. ಗೋವಿಂದರಾಯರು ಎರಡನೆಯ ಬಾರಿಗೆ ಕೊಟ್ಟರು.

ಕಾಲೇಜಿನಲ್ಲಿ ಗೋಖಲೆಯವರು ಒಂದೇ ವಿಷಯದ ಅಧ್ಯಾಪಕರಾಗಿರಲಿಲ್ಲ. ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಯಾವುದಕ್ಕೆ ಜನ ಬೇಕೋ ಅದನ್ನು ಓದಿಕೊಂಡು ಬಂದು ಪಾಠ ಮಾಡಿದರು. ಸಣ್ಣ ಶಾಲೆಗಳಲ್ಲಿ ಗಣಿತದ ಮೇಷ್ಟ್ರೇ ಡ್ರಿಲ್ಲೂ ಮಾಡಿಸಿದ್ದನ್ನು ಕಂಡ ನಮಗೆ ಇದು ಹೊಸದಲ್ಲ. ಅವರು ಬರೆದ ಅಂಕಗಣಿತದ ಪುಸ್ತಕ ಬಹಳ ಕಾಲ ಶಾಲೆಗಳಲ್ಲಿ ನಡೆಯಿತು. ರಜೆ ಬಂದರೆ ಕಾಲೇಜಿನ ಕಟ್ಟಡಕ್ಕಾಗಿ ಊರೂರು ತಿರುಗಿ ಚಂದಾ ಎತ್ತುತ್ತಿದ್ದರು. ಸಾರ್ವಜನಿಕ ಜೀವನದ ಪಾಠ ಕಲಿಸಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. ಸರ್ಕಾರದ ವರದಿಗಳನ್ನು, ಆಯವ್ಯಯದ ಅಂಕಿಗಳನ್ನು ಓದಿ ಬರೆದು ತಂದರೆ, ರಾನಡೆಯವರು ಒಂದು ಅಂಕಿ ತಪ್ಪಿದರೂ ಬಿಡುತ್ತಿರಲಿಲ್ಲ. ಸುಮಾರು 14 ವರ್ಷ, 1901ರಲ್ಲಿ ರಾನಡೆಯವರು ತೀರಿಕೊಳ್ಳುವವರೆಗೆ, ಆ ಶಿಷ್ಯವೃತ್ತಿ ನಡೆಯಿತು.

ಇಷ್ಟು ಜಾಗರೂಕರಾಗಿದ್ದವರೂ ಒಮ್ಮೆ ಎಡವಿದರು. 1897ರಲ್ಲಿ, 31ನೆಯ ವಯಸ್ಸಿನಲ್ಲಿ, ಭಾರತದ ಖರ್ಚುವೆಚ್ಚವನ್ನು ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಇಂಗ್ಲೆಂಡಿಗೆ ಹೋಗಿದ್ದರು. ಸಾಕ್ಷಿ ಬಹಳ ಚೆನ್ನಾಗಿ ಆಯಿತು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು. ಮನೆಮನೆ ಶೋಧಿಸುತ್ತಿದ್ದ ಸೈನಿಕರು ಹೆಂಗಸರ ಮೇಲೆ ದೌರ್ಜನ್ಯ ಮಾಡಿದರೆಂದು ಪುಣೆಯಿಂದ ಗೆಳೆಯರ ಪತ್ರಗಳು ಬಂದವು. ಗೋಖಲೆಯವರು ಅದನ್ನು ನಂಬಿ ಅಲ್ಲಿನ ಪತ್ರಿಕೆಗೆ ತಿಳಿಸಿದರು. ದೊಡ್ಡ ಗದ್ದಲವಾಯಿತು. ಸರ್ಕಾರ ಪುರಾವೆ ಕೇಳಿತು. ಊರಿಗೆ ಬಂದು ನೋಡಿದರೆ ಮುಂದೆ ಬಂದು ಹೇಳಲು ಯಾರೂ ಸಿದ್ಧರಿಲ್ಲ. ಪತ್ರ ಬರೆದವರ ಹೆಸರನ್ನು ಅವರು ಬಿಟ್ಟುಕೊಡಲಿಲ್ಲ. ಸಾಬೀತು ಮಾಡಲಾಗದ ಮಾತನ್ನು ಆಡಿದ್ದು ತಪ್ಪೆಂದು ಪತ್ರಿಕೆಗಳಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಇಂಗ್ಲಿಷರು ಹಂಗಿಸಿದರು. ನಮ್ಮವರು ಹೇಡಿ ಎಂದರು. ಕಾಂಗ್ರೆಸ್ಸಿನ ಒಳಗೂ ಮುಖ ತಿರುಗಿಸಿದವರಿದ್ದರು. ಸಾರ್ವಜನಿಕ ಜೀವನವೇ ಮುಗಿಯಿತೆಂದು ಅವರಿಗೇ ಅನಿಸಿತ್ತು. ಆಗ ಅವರು ಮಾಡಿದ್ದೇನೆಂದರೆ, ಪುಣೆಯಲ್ಲಿ ಪ್ಲೇಗಿನ ಸ್ವಯಂಸೇವಕರಾಗಿ ರೋಗ ಬಂದ ಓಣಿಗಳಲ್ಲಿ ಕೆಲಸ ಮಾಡಿದರು, ತರಗತಿಗೆ ಹೋದರು. ಕ್ಷಮೆ ಕೇಳಿದ್ದು ಸರಿಯೋ, ಅಷ್ಟು ತಗ್ಗಬೇಕಿತ್ತೋ ಎಂಬ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. ಪ್ಲೇಗಿನ ಕಾಲದ ಆ ಶೋಧಗಳಿಂದ ಜನ ಪಟ್ಟ ಕಷ್ಟ ಸುಳ್ಳಲ್ಲ. ಆದರೂ ಕೈಯಲ್ಲಿ ಪುರಾವೆ ಇಲ್ಲದಾಗ ಹಾಗೆಂದು ಒಪ್ಪಿಕೊಳ್ಳುವ ನಾಯಕರು ನನಗಂತೂ ಅಪರೂಪವಾಗಿ ಕಂಡಿದ್ದಾರೆ.

1902ರಲ್ಲಿ 30 ರೂಪಾಯಿ ಪಿಂಚಣಿಯೊಡನೆ ಕಾಲೇಜಿನಿಂದ ನಿವೃತ್ತರಾದರು. ಅದೇ ವರ್ಷ ವೈಸರಾಯರ ಶಾಸನ ಸಭೆಯ ಸದಸ್ಯರಾಗಿ ಬಜೆಟ್ಟಿನ ಮೇಲೆ ಅವರು ಮಾಡಿದ ಭಾಷಣ ದೇಶಕ್ಕೆಲ್ಲ ಗೊತ್ತಾಯಿತು. ಬಡವರ ಉಪ್ಪಿನ ಮೇಲೆ ತೆರಿಗೆ ಹೇರಿ ಬೊಕ್ಕಸದಲ್ಲಿ ಮಿಗತೆ ತೋರಿಸುವುದು ಸಮೃದ್ಧಿಯಲ್ಲ ಎಂದು ಸರ್ಕಾರದ ಅಂಕಿಗಳಿಂದಲೇ ತೋರಿಸಿದರು. ಮುಂದಿನ ವರ್ಷಗಳಲ್ಲಿ ಉಪ್ಪಿನ ತೆರಿಗೆ ಹಂತಹಂತವಾಗಿ ಇಳಿಯಿತು.

ಅವರು ನಮ್ಮ ಧಾರವಾಡಕ್ಕೂ ಬಂದಿದ್ದರು. 1903ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಸಾಮಾಜಿಕ ಪರಿಷತ್ತಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಏಳಿಗೆಯ ನಿರ್ಣಯವನ್ನು ಮಂಡಿಸಿದರು. ದಕ್ಷಿಣ ಆಫ್ರಿಕದಲ್ಲಿ ಭಾರತೀಯರನ್ನು ಹೀನವಾಗಿ ಕಾಣುತ್ತಾರೆಂದು ದೂರುವ ನಾವು ನಮ್ಮ ಊರಲ್ಲೇ ಹಾಗೆ ನಡೆದುಕೊಳ್ಳುತ್ತಿದ್ದೇವಲ್ಲ ಎಂಬುದು ಅವರ ಮಾತಿನ ತಿರುಳು. ಗೋಖಲೆಯವರು ಬಡವರಾಗಿದ್ದರು ನಿಜ, ಆದರೆ ಶಾಲೆಯ ಬಾಗಿಲು ಅವರ ಜಾತಿಗೆ ಮುಚ್ಚಿರಲಿಲ್ಲ. ಬಡತನದ ಜೊತೆಗೆ ಆ ಮುಚ್ಚಿದ ಬಾಗಿಲನ್ನೂ ಎದುರಿಸಿದ ಮಕ್ಕಳಿದ್ದಾರೆಂದು ಅವರಿಗೆ ತಿಳಿದಿತ್ತು.

1905ರ ಜೂನ್ 12ರಂದು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಆರಂಭಿಸಿದರು. ಓದಿದ ತರುಣರು ಸಂಪಾದನೆಯ ಆಸೆ ಬಿಟ್ಟು ದೇಶದ ಕೆಲಸಕ್ಕೆ ಬರಬೇಕು, ಬರುವ ಮುನ್ನ ಐದು ವರ್ಷ ಕಲಿಯಬೇಕು ಎಂಬುದು ನಿಯಮ. ಸೇವೆಗೂ ತರಬೇತಿ ಬೇಕೆಂದವರು ಅವರು. ಮದರಾಸಿನ ತಿರುವಲ್ಲಿಕೇಣಿಯ ಶಾಲೆಯೊಂದರಲ್ಲಿ ಹೆಡ್‌ಮಾಸ್ಟರಾಗಿದ್ದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಕೆಲಸ ಬಿಟ್ಟು ಅಲ್ಲಿಗೆ ಸೇರಿದರು. ಠಕ್ಕರ್ ಬಾಪಾ ಅವರೂ ಅಲ್ಲಿಯವರೇ.

ಈ ಶಾಲೆಯ ಸಂಚಿಕೆಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. 1911ರ ಮಾರ್ಚ್ 16ರಂದು ಗೋಖಲೆಯವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. 6ರಿಂದ 10 ವರ್ಷದ ಗಂಡುಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯವಾಗಬೇಕು, ಅದೂ ಸ್ಥಳೀಯ ಸಂಸ್ಥೆಗಳು ಬಯಸಿದ ಕಡೆ ಮಾತ್ರ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನದ ತಂದೆತಾಯಿಗೆ ಫೀಸು ಇರಬಾರದು. ಹೆಣ್ಣುಮಕ್ಕಳಿಗೆ ಆಮೇಲೆ ವಿಸ್ತರಿಸಬಹುದು. ಇಂದು ನೋಡಿದರೆ ಎಷ್ಟು ಅಳುಕಿನ ಬೇಡಿಕೆ ಅನಿಸುತ್ತದೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಹೆಚ್ಚೇ. ಅಷ್ಟಕ್ಕೂ ಸರ್ಕಾರ ಒಪ್ಪಲಿಲ್ಲ, ಜಮೀನುದಾರ ಸದಸ್ಯರಲ್ಲಿ ಹಲವರು ಒಪ್ಪಲಿಲ್ಲ. 1912ರ ಮಾರ್ಚಿನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ ಬಂದದ್ದು 13, ವಿರುದ್ಧ 38. ಸೋಲುತ್ತದೆಂದು ತಿಳಿದೇ ಅವರು ಎದ್ದು ನಿಂತಿದ್ದರು.

ಮರುವರ್ಷ, 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಯಾಗಲು 2010ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. ಈಗ 6ರಿಂದ 14 ವರ್ಷ, ಗಂಡು ಹೆಣ್ಣು ಇಬ್ಬರಿಗೂ.

ಮಧುಮೇಹದಿಂದ ಸೊರಗಿದ್ದ ಗೋಖಲೆಯವರು 1915ರ ಫೆಬ್ರವರಿ 19ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 49 ತುಂಬಿರಲಿಲ್ಲ. ಬದುಕಿಡೀ ರಾಜಕೀಯದಲ್ಲಿ ಎದುರಾಳಿಯಾಗಿದ್ದ ತಿಲಕರು ಸ್ಮಶಾನಕ್ಕೆ ಬಂದು ಅವರ ಗುಣ ಹೇಳಿದರು. ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆದವರು ಡಿ.ವಿ. ಗುಂಡಪ್ಪನವರು. ಮೆಟ್ರಿಕ್ಕನ್ನೂ ದಾಟದ ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಬಸವನಗುಡಿಯ ಕಡೆ ಕಾಲೇಜಿಗೆ ಸೇರುವ ನಮ್ಮ ಮಕ್ಕಳು ಬಿಡುವಾದಾಗ ಅಲ್ಲಿಗೆ ಹೋಗಿ ಬರಬಹುದು, ಒಳ್ಳೆಯ ಪುಸ್ತಕ ಭಂಡಾರವಿದೆ.